ಪದಚರ್ಚೆ: ಫುಡ್ ಪ್ಲಾಟ್, ಸೀಡ್ ಮಿಕ್ಸ್, ರೈ, ನರ್ಸ್ ಕ್ರಾಪ್ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಜಾರ್ಜಿಯಾ, ಟೆನೆಸ್ಸಿ ಕಡೆ ಜಮೀನಿರುವ ಕನ್ನಡಿಗರಿಗಾಗಿ, ಬಿಳಿಬಾಲದ ಜಿಂಕೆಗೆ ಮೇವು ಬೆಳೆಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕರಡಿನಲ್ಲಿ ಫುಡ್ ಪ್ಲಾಟ್ ‘ಆಹಾರ ನಿವೇಶನ’ ಆಗಿದೆ, ನರ್ಸ್ ಕ್ರಾಪ್ ‘ದಾದಿ ಬೆಳೆ’ ಆಗಿದೆ. ರೈ ಎಂದಿದ್ದಲ್ಲೆಲ್ಲ ಒಬ್ಬರು ‘ಸಾಸಿವೆ’ ಎಂದು ತಿದ್ದಿದ್ದಾರೆ. ಸೀಡ್ ಮಿಕ್ಸ್, ಪ್ಯೂರ್ ಲೈವ್ ಸೀಡ್, ಇನಾಕ್ಯುಲಂಟ್, ಕಲ್ಟಿಪ್ಯಾಕರ್ ಇವಕ್ಕೂ ಪದ ಬೇಕು. ಓದಿದವರು ಹೊಲದಲ್ಲಿ ತಪ್ಪದಂತೆ ಏನು ಬಳಸಬಹುದು, ದಯವಿಟ್ಟು ತಿಳಿಸಿ.

ಉತ್ತರ 1

ಸಾಸಿವೆ ಎಂಬ ತಿದ್ದುಪಡಿಯನ್ನು ಮೊದಲು ತೆಗೆಸಿ. ಹಿಂದಿಯ ‘ರಾಯಿ’ ಕಿವಿಗೆ ಬಿದ್ದು ಆಗಿರುವ ಎಡವಟ್ಟು ಅದು. ಸೀರಿಯಲ್ ರೈ ಗೋಧಿಯ ಹತ್ತಿರದ ನೆಂಟ. ಚಳಿ ತಡೆಯುತ್ತದೆ, ಬಡ ಮಣ್ಣಿನಲ್ಲೂ ಏಳುತ್ತದೆ, ಎಳೆಯ ಗರಿಯನ್ನು ಜಿಂಕೆ ಚಳಿಗಾಲವಿಡೀ ಮೇಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ರೈಗ್ರಾಸ್‌ನದು. ಹೆಸರು ಹತ್ತಿರ, ಗಿಡವೇ ಬೇರೆ. ಅಗ್ಗದ ಬೀಜದ ಚೀಲಗಳಲ್ಲಿ ವಾರ್ಷಿಕ ರೈಗ್ರಾಸ್ ತುಂಬಿರುತ್ತದೆ. ಬೇಗ ಹಸಿರಾಗುವುದರಿಂದ ಕೊಂಡವರಿಗೆ ಖುಷಿ. ಆದರೆ ವಸಂತದಲ್ಲಿ ಬೀಜ ಉದುರಿಸಿ ಮುಂದಿನ ವರ್ಷಗಳಲ್ಲಿ ಕಳೆಯಾಗಿ ಕೂರುತ್ತದೆ, ಪಕ್ಕದ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡವನ್ನು ಅಮುಕುತ್ತದೆ. ಆದ್ದರಿಂದ ಒಂದನ್ನು ‘ರೈ ಧಾನ್ಯ’, ಇನ್ನೊಂದನ್ನು ‘ರೈಗ್ರಾಸ್ ಹುಲ್ಲು’ ಎಂದೇ ಬರೆಯಿರಿ. ಬರಿಯ ‘ರೈ’ ಪುಸ್ತಕದಲ್ಲಿ ಎಲ್ಲೂ ಉಳಿಯಬಾರದು. ಚೀಲದ ಚೀಟಿಯಲ್ಲಿ ಸೆಕೇಲ್ ಎಂದಿದ್ದರೆ ಧಾನ್ಯ, ಲೋಲಿಯಂ ಎಂದಿದ್ದರೆ ಹುಲ್ಲು ಎಂಬ ಸಾಲೊಂದು ಅಲ್ಲೇ ಇರಲಿ. ಟರ್ನಿಪ್, ರೇಪ್ ಎಂಬ ಸೊಪ್ಪಿನ ಬೆಳೆ, ಕೇಲ್, ಮೂಲಂಗಿ ಒಟ್ಟಿಗೆ ಬಂದಾಗ ‘ಸಾಸಿವೆ ಕುಲದ ಬೆಳೆ’ ಎನ್ನಬಹುದು. ಆ ಪದಕ್ಕೆ ಅದೇ ಜಾಗ.

ಫುಡ್ ಪ್ಲಾಟ್‌ಗೆ ‘ಮೇವಿನ ತಾಕು’ ಸಾಕು. ಕೃಷಿ ಇಲಾಖೆಯ ಪ್ರಾತ್ಯಕ್ಷಿಕೆ ತಾಕಿನಿಂದ ಪದ ಎಲ್ಲರಿಗೂ ಗೊತ್ತು. ನಿವೇಶನ ಎಂದರೆ ಮನೆಕಟ್ಟುವ ಸೈಟು. ಕೆಲವರಿಗೆ ‘ಹಡ್ಲು’ ನೆನಪಾಗಬಹುದು, ಆದರೆ ನಾಗರಹೊಳೆಯ ಹಡ್ಲು ಕಾಡಿನೊಳಗಿನ ಜೌಗು ಹುಲ್ಲುಬಯಲು. ಇದು ಉತ್ತು, ಸುಣ್ಣ ಹಾಕಿ, ಬಿತ್ತಿದ ಹೊಲ. ‘ಆಮಿಷ’ವಂತೂ ಬೇಡವೇ ಬೇಡ. ಮುಸುಕಿನ ಜೋಳ ರಾಶಿ ಹಾಕಿ ಬೇಟೆಗೆ ಜಿಂಕೆ ಸೆಳೆಯುವುದಕ್ಕೆ ಅಲ್ಲಿನ ಹಲವು ರಾಜ್ಯಗಳಲ್ಲಿ ನಿಷೇಧವಿದೆ ಅಥವಾ ನಿರ್ಬಂಧವಿದೆ. ಒಂದೇ ರಾಶಿಗೆ ಹತ್ತಾರು ಜಿಂಕೆ ಬಾಯಿ ಹಾಕಿದರೆ ಜಿಂಕೆಯನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಕಾಯಿಲೆ ಹರಡೀತೆಂಬುದು ಒಂದು ಕಾರಣ. ಬೆಳೆದು ನಿಂತ ಮೇವನ್ನು ಸಾಮಾನ್ಯವಾಗಿ ಆ ಸಾಲಿಗೆ ಸೇರಿಸುವುದಿಲ್ಲ. ಪದ ತಪ್ಪಿದರೆ ಓದುಗರು ಕಾನೂನನ್ನೇ ತಪ್ಪು ತಿಳಿಯುತ್ತಾರೆ.

ಸೀಡ್ ಮಿಕ್ಸ್‌ಗೆ ‘ಮಿಶ್ರಬೀಜ’. ‘ಬೆರಕೆ’ ಎಂದರೆ ಕಲಬೆರಕೆಯ ವಾಸನೆ ಬರುತ್ತದೆ. ಅಕ್ಕಡಿ ಎನ್ನಲು ನನಗೂ ಆಸೆ, ಆದರೆ ಅಕ್ಕಡಿಯಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿಗೆ ಅದರದರ ಸಾಲು ಇರುತ್ತದೆ. ಇಲ್ಲಿ ಎಲ್ಲ ಒಟ್ಟಿಗೆ ಚೆಲ್ಲುವುದು.

ನರ್ಸ್ ಕ್ರಾಪ್‌ಗೆ ‘ಆಸರೆ ಬೆಳೆ’ ಎನ್ನಿ, ಆದರೆ ಪದದ ಜೊತೆಗೆ ಪ್ರಮಾಣವನ್ನೂ ಕೊಡಿ. ಆಗ್ನೇಯ ರಾಜ್ಯಗಳಲ್ಲಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಬಿತ್ತುವ ಮಿಶ್ರಣವೊಂದಕ್ಕೆ ಎಕರೆಗೆ ಗೋಧಿ 20 ಕೆಜಿ, ಕ್ರಿಮ್ಸನ್ ಕ್ಲೋವರ್ 5 ಕೆಜಿ, ಲ್ಯಾಡಿನೊ ಬಿಳಿ ಕ್ಲೋವರ್ ಒಂದೂವರೆ ಕೆಜಿ, ಚಿಕೋರಿ 1 ಕೆಜಿ. ಗೋಧಿ ಮೊದಲು ಎದ್ದು ಮೇವಾಗುತ್ತದೆ, ಅದರ ಮರೆಯಲ್ಲಿ ಕ್ಲೋವರ್ ಬೇರು ಬಿಡುತ್ತದೆ. ಹಸಿರು ದಟ್ಟವಾಗಲೆಂದು ಗೋಧಿಯನ್ನು 45 ಕೆಜಿಗೆ ಏರಿಸಿದರೆ ಅದು ಆಸರೆಯಾಗಿ ಉಳಿಯುವುದಿಲ್ಲ. ನೆರಳಿಗೆ ಕ್ಲೋವರ್ ಸೊರಗುತ್ತದೆ. ‘ದಾದಿ’ ಓದಿದವರು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುವ ಸಾಧ್ಯತೆಯಿದೆ.

ಪ್ಯೂರ್ ಲೈವ್ ಸೀಡ್‌ಗೆ ‘ಮೊಳೆಯುವ ಶುದ್ಧ ಬೀಜ’. ಕ್ಲೋವರ್ ಬೀಜಕ್ಕೆ ಸುಣ್ಣ, ಜೇಡಿಯ ಲೇಪನ ಇರುವುದರಿಂದ ಚೀಲದ ತೂಕವೆಲ್ಲ ಬೀಜವಲ್ಲ. ಚೀಟಿಯಲ್ಲಿ ಶುದ್ಧ ಬೀಜ 65%, ಮೊಳಕೆ 90% ಎಂದಿದ್ದರೆ ಮೊಳೆಯುವುದು 58.5% ಮಾತ್ರ. 3 ಕೆಜಿ ಬೇಕಿದ್ದರೆ 5 ಕೆಜಿಗಿಂತ ತುಸು ಹೆಚ್ಚು ತೂಗಬೇಕು. ಪದ ಎಷ್ಟೇ ಚೆನ್ನಾಗಿರಲಿ, ಈ ಲೆಕ್ಕ ಪಕ್ಕದಲ್ಲಿಲ್ಲದಿದ್ದರೆ ಪ್ರಯೋಜನವಿಲ್ಲ.

ಉತ್ತರ 2

ಮೇಲಿನದಕ್ಕೆ ಪೂರ್ತಿ ಸಮ್ಮತಿ. ಉಳಿದ ಎರಡು ಪದ ಮತ್ತು ಒಂದು ಎಚ್ಚರಿಕೆ.

ಇನಾಕ್ಯುಲಂಟ್ ಎಂದರೆ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದುಕೊಡುವ, ದ್ವಿದಳ ಬೀಜಕ್ಕೆ ಹಚ್ಚುವ ಅಣುಜೀವಿ. ಅದು ಬಂದಲ್ಲಿ ಬರಿಯ ‘ಬೀಜೋಪಚಾರ’ ಎಂದರೆ ಶಿಲೀಂಧ್ರನಾಶಕ ಹಚ್ಚುವುದೂ ಅದರಲ್ಲೇ ಸೇರಿಬಿಡುತ್ತದೆ. ‘ರೈಜೋಬಿಯಂ ಲೇಪನ’ ಎನ್ನಿ. ಕ್ಲೋವರ್‌ಗೆ ಹಚ್ಚುವ ಅಣುಜೀವಿ ಬೇರೆ, ಅಲಸಂದೆ, ಅವರೆ, ಸೆಣಬಿಗೆ ಹಚ್ಚುವುದು ಬೇರೆ. ಅದಲುಬದಲಾದರೆ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ, ಗಿಡ ಹಳದಿಯಾಗಿಯೇ ಉಳಿಯುತ್ತದೆ. ಲೇಪಿಸಿದ ಬೀಜವನ್ನು ಬಿಸಿಲಲ್ಲಿ ಒಣಗಿಸಬಾರದು, ಅಂದೇ ಬಿತ್ತಬೇಕು.

ಕಲ್ಟಿಪ್ಯಾಕರ್ ನಮ್ಮ ಕುಂಟೆಯೂ ಅಲ್ಲ, ಹಲುಬೆಯೂ ಅಲ್ಲ. ಕೊರಡು ಮಣ್ಣನ್ನು ಸಮ ಮಾಡುತ್ತದೆ, ಇದು ಉರುಳುತ್ತಾ ಅದನ್ನು ಅದುಮುತ್ತದೆ. ‘ಒತ್ತುರುಳೆ’ ಸರಿಹೊಂದೀತು. ಚಿಕೋರಿ, ಕ್ಲೋವರ್ ಬೀಜ ಕಾಲಂಗುಲಕ್ಕಿಂತ ಆಳಕ್ಕೆ ಇಳಿದರೆ ಮೇಲೇಳದು, ಗೋಧಿಗೆ ಒಂದಂಗುಲ ಬೇಕು. ಹಾಗಾಗಿ ಎಲ್ಲವನ್ನೂ ಒಂದೇ ಸಲ ಎರಚಿ ಹಲುಬೆ ಹೊಡೆಯುವಂತಿಲ್ಲ. ಮೊದಲು ಗೋಧಿ ಚೆಲ್ಲಿ ಹಲುಬೆ ಆಡಿಸಿ, ಒತ್ತುರುಳೆ ಎಳೆದು ನೆಲ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಸಣ್ಣ ಬೀಜ ಚೆಲ್ಲಿ ಮತ್ತೊಮ್ಮೆ ಒತ್ತುರುಳೆ ಮಾತ್ರ. ದೊಡ್ಡದು ಸಣ್ಣದು ಒಂದೇ ಡಬ್ಬಿಗೆ ಸುರಿದರೆ ಎರಚುವ ಯಂತ್ರದ ಕುಲುಕಿಗೆ ಸಣ್ಣದು ತಳ ಸೇರಿ, ತಾಕಿನ ಒಂದು ತುದಿಯಲ್ಲಿ ಕ್ಲೋವರ್, ಇನ್ನೊಂದು ತುದಿಯಲ್ಲಿ ಬರಿ ಗೋಧಿ ಆಗುತ್ತದೆ.

ಇನ್ನು ಎಚ್ಚರಿಕೆ. ಬೇಸಿಗೆ ಮಿಶ್ರಣದ ಅಧ್ಯಾಯದಲ್ಲಿ ‘ಲ್ಯಾಬ್‌ಲ್ಯಾಬ್’ ಬಂದೇ ಬರುತ್ತದೆ. ಅದು ನಮ್ಮ ಅವರೆಯೇ, ಹಾಗೇ ಬರೆಯಿರಿ. ಆದರೆ ‘ಮೇವಿನ ಅವರೆ’ ಎಂದಿರಲಿ. ಅಲ್ಲಿ ಬಿತ್ತುವ ರೊಂಗಾಯ್‌ನಂಥ ತಳಿ ತಡವಾಗಿ ಹೂಬಿಟ್ಟು ತಿಂಗಳುಗಟ್ಟಲೆ ಸೊಪ್ಪು ಕೊಡುತ್ತದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬವು ಹಗಲು ಗಿಡ್ಡವಾಗುವುದನ್ನು ಕಾಯದೆ ಬೇಗ ಕಾಯಿ ಕಟ್ಟುವ ಗಿಡ್ಡ ತಳಿಗಳು, ಮೇವಿಗೆ ಆಗುವುದಿಲ್ಲ. ಊರಿಂದ ಬೀಜ ಒಯ್ಯುವ ಯೋಚನೆ ಬೇಡ, ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದ ಬಿತ್ತನೆ ಬೀಜವನ್ನು ಸಾಮಾನ್ಯವಾಗಿ ಅಮೆರಿಕದೊಳಗೆ ಒಯ್ಯುವಂತಿಲ್ಲ. ಮೇವಿನ ಅವರೆಯನ್ನು ಒಂದೆರಡು ಎಕರೆಗಿಂತ ಸಣ್ಣ ತಾಕಿನಲ್ಲಿ ಒಂಟಿಯಾಗಿ ಬಿತ್ತಿದರೆ ಜಿಂಕೆಗಳು ಎಳೆಯದರಲ್ಲೇ ಕುಡಿ ಚಿವುಟಿ ಮುಗಿಸುತ್ತವೆ. ಮೇಯ್ದ ಮೇಲೂ ಚಿಗುರುವ ಐರನ್ ಕ್ಲೇ ತಳಿಯ ಅಲಸಂದೆ, ಹಬ್ಬಲು ಒಂದಿಷ್ಟು ಜೋಳ ಜೊತೆಗಿರಬೇಕು. ಮೊದಲ ಐದಾರು ವಾರ ವಿದ್ಯುತ್ ಬೇಲಿ ಹಾಕಿದರೆ ಇನ್ನೂ ಒಳ್ಳೆಯದು.

ಅಳತೆಗಳನ್ನು ಗುಂಟೆಗೂ ಕೊಡಿ. ಬಹಳಷ್ಟು ತಾಕುಗಳು ಅರ್ಧ ಎಕರೆಯೊಳಗಿರುತ್ತವೆ. ಎಕರೆಗೆ 20 ಕೆಜಿ ಗೋಧಿ ಎಂದರೆ ಗುಂಟೆಗೆ ಅರ್ಧ ಕೆಜಿ. ಮಣ್ಣು ಪರೀಕ್ಷೆ ಎಕರೆಗೆ ಒಂದು ಅಮೆರಿಕನ್ ಟನ್ ಸುಣ್ಣ ಕೇಳಿದರೆ ಗುಂಟೆಗೆ ಸುಮಾರು 23 ಕೆಜಿ. ಸುಣ್ಣ ಮಣ್ಣಿನ ಹುಳಿ ಇಳಿಸಲು ತಿಂಗಳುಗಳೇ ಬೇಕು, ಆದ್ದರಿಂದ ಕೈಪಿಡಿಯಲ್ಲಿ ಸುಣ್ಣದ ಅಧ್ಯಾಯ ಬಿತ್ತನೆಯ ಅಧ್ಯಾಯಕ್ಕಿಂತ ಮೊದಲು ಬರಲಿ.