ಅಪ್‌ಡೇಟ್: ಅಪ್ಪನ ಅನ್ಯೂರಿಸಂ, ಒಂದು ವರ್ಷದ ನಂತರ

ಹೋದ ವರ್ಷ ಕೇಳಿದ್ದೆ: ಅಪ್ಪನ ಹೊಟ್ಟೆಯ ಮಹಾಧಮನಿ 4.2 ಸೆಂ.ಮೀ. ಅಗಲಕ್ಕೆ ಊದಿದೆ (ಈ ಊತಕ್ಕೇ ಅನ್ಯೂರಿಸಂ ಅನ್ನೋದು), ಆಪರೇಷನ್ ಇಲ್ಲದೆ ಸುಮ್ನೆ ಕಾಯೋದು ಸರಿನಾ ಅಂತ.

ಮೊನ್ನೆ ಮತ್ತೆ ಸೋನೋಗ್ರಫಿ ಆಯಿತು. 4.3. ಒಂದು ಮಿಲಿಮೀಟರ್ ಅಳತೆಯಲ್ಲೇ ಹೆಚ್ಚುಕಡಿಮೆ ಆಗಬಹುದಂತೆ. ಗಂಡಸರಿಗೆ ಸಾಮಾನ್ಯವಾಗಿ 5.5 ದಾಟಿದರೆ, ಇಲ್ಲವೇ ಬೇಗ ಬೆಳೆದರೆ ಆಪರೇಷನ್ ಮಾತು. ಹಾಗಾಗಿ ಇನ್ನೊಂದು ವರ್ಷ ಬಿಟ್ಟು ಬನ್ನಿ ಅಂದರು.

ಬೀಡಿ ಬಿಟ್ಟಿದ್ದಾರೆ, ಅದೇ ದೊಡ್ಡದು. ಡೊಂಬಿವಲಿ ಸ್ಟೇಷನ್ ಮೆಟ್ಟಿಲು ನಿಧಾನಕ್ಕೆ ಹತ್ತುತ್ತಾರೆ, ಭಾರ ಮಾತ್ರ ಎತ್ತಲು ಬಿಡಲ್ಲ. ಕಾಲನಿರ್ಣಯ ಕ್ಯಾಲೆಂಡರಿನ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕವೇ ಬಿಪಿ ಬರೆಯುತ್ತಾರೆ. ಉಪ್ಪಿನಕಾಯಿ ತಿಂದ ದಿನದ ಚೌಕ ಖಾಲಿ! ಹೊಟ್ಟೆ ಅಥವಾ ಬೆನ್ನಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಸೀದಾ ಎಮರ್ಜೆನ್ಸಿಗೆ ಅಂತ ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೇವೆ. ಅಂದಹಾಗೆ, ಮುಂದಿನ ವಾರ ಅಣ್ಣನ ಸ್ಕ್ಯಾನ್. ಇದು ಮನೆತನದಲ್ಲೂ ಬರುತ್ತದಲ್ವಾ.