‘ಮೋಟಾರ್ ಇಮೇಜರಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರಿಗಾಗಿ ಒಂದು ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಬ್ರೈನ್-ಕಂಪ್ಯೂಟರ್ ಇಂಟರ್‌ಫೇಸ್ (ಮಿದುಳಿನ ಸಂಕೇತವನ್ನು ಕಂಪ್ಯೂಟರ್ ಓದುವ ವ್ಯವಸ್ಥೆ) ಬಳಸಿ ಕೈಕಾಲಿನ ಚಲನೆಯನ್ನು ಮತ್ತೆ ರೂಢಿಸಿಕೊಳ್ಳುವ ಚಿಕಿತ್ಸೆಯ ಬಗ್ಗೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರತಂತುಗಳ ಮೇಲಿರುವ ಮಯಲಿನ್ ಹೊದಿಕೆಯನ್ನು ಹಾಳು ಮಾಡುತ್ತದೆ. ‘ಕೈ ಎತ್ತು’ ಅಂತ ಮಿದುಳು ಕಳಿಸಿದ ಸಂದೇಶ ದಾರಿಯಲ್ಲಿ ನಿಧಾನವಾಗುತ್ತದೆ. ಕೆಲವೊಮ್ಮೆ ತಲುಪುವುದೇ ಇಲ್ಲ. ಆದರೂ ಅದು ಹೊರಟ ಸುಳಿವನ್ನು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಟೋಪಿಯನ್ನು ತಲೆಗೆ ಹಾಕಿ ಹಿಡಿಯಬಹುದು. ಚಲನೆಯನ್ನು ನೋಡಿಕೊಳ್ಳುವ ಭಾಗದಲ್ಲಿ ಸೆಕೆಂಡಿಗೆ ಸುಮಾರು 8ರಿಂದ 13 ಸಲ ಏರಿಳಿಯುವ ಮ್ಯೂ ಅಲೆ ಇರುತ್ತದೆ. ಬಲಗೈ ಆಡಿಸಿದರೆ ಮುಖ್ಯವಾಗಿ ಎಡಮಿದುಳಿನ ಕಡೆ ಅದು ತಗ್ಗುತ್ತದೆ. ಕೈ ಅಲುಗದೆ, ಮನಸ್ಸಿನೊಳಗೇ ಆಡಿಸಿದರೂ ತಗ್ಗುತ್ತದೆ! ಕಂಪ್ಯೂಟರ್ ಅದನ್ನು ಗುರುತಿಸಿದ ಕೂಡಲೇ ಸ್ನಾಯುವಿಗೆ ಸಣ್ಣ ಕರೆಂಟ್ ಕೊಟ್ಟು ಕೈಯನ್ನು ನಿಜವಾಗಿಯೂ ಎತ್ತಿಸಬಹುದು. ಹೀಗೆ ಪದೇ ಪದೇ ಮಾಡಿದರೆ ಮಿದುಳು ಬೇರೆ ದಾರಿ ಕಂಡುಕೊಳ್ಳಲಿ ಎಂಬುದು ಆಸೆ. ಪಾರ್ಶ್ವವಾಯು ಆದವರಲ್ಲಿ ಇದರ ಪ್ರಯೋಗ ಜಾಸ್ತಿ ನಡೆದಿದೆ, ಎಂಎಸ್‌ನಲ್ಲಿ ಇನ್ನೂ ಕಡಿಮೆ.

ಆ ‘ಮನಸ್ಸಿನೊಳಗೇ ಆಡಿಸುವುದು’ ಇದೆಯಲ್ಲ, ಅದೇ ಮೋಟಾರ್ ಇಮೇಜರಿ. ‘ಚಲನಾ ಕಲ್ಪನೆ’ ಅಂತ ಬರೆದುಬಿಡಬಹುದು. ಆದರೆ ‘ಕೈ ಎತ್ತುವುದನ್ನು ಕಲ್ಪಿಸಿಕೊಳ್ಳಿ’ ಅಂದರೆ ಜನ ಕಣ್ಣಮುಂದೆ ಒಂದು ಚಿತ್ರ ತಂದುಕೊಳ್ಳುತ್ತಾರೆ. ಬೇಕಾಗಿರುವುದು ಚಿತ್ರ ಅಲ್ಲ. ಲೋಟ ಹಿಡಿದಾಗ ಬೆರಳು ಬಿಗಿಯುವುದು, ಎತ್ತುವಾಗ ತೋಳಿಗೆ ಭಾರ ತಾಗುವುದು, ಆ ಅನುಭವ ಒಳಗೆ ಆಗಬೇಕು. ಸುಮ್ನೆ ಚಿತ್ರ ನೋಡಿಕೊಂಡರೆ ಅಲೆ ಅಷ್ಟು ತಗ್ಗುವುದಿಲ್ಲ, ಕಂಪ್ಯೂಟರಿಗೆ ಸುಳಿವೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಪದ ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ.

‘ಊಹಿಸಿ’ ಅಂದರೆ ಅಂದಾಜು ಮಾಡಿ ಅಂತಾಗುತ್ತದೆ. ‘ಭಾವಿಸಿ’ ಅನ್ನುವುದು ಗಣಿತದ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ‘ನೆನೆಸಿಕೊಳ್ಳಿ’ ಸ್ವಲ್ಪ ಹತ್ತಿರ, ಆದರೆ ಅದು ಹಿಂದೆ ನಡೆದದ್ದಕ್ಕೆ ಸರಿ.

ನನಗೆ ಹಿಡಿಸಿದ್ದು ‘ಮನಸ್ಸಲ್ಲೇ ಕೈ ಎತ್ತಿ’. ಮನಸ್ಸಲ್ಲೇ ಓದುತ್ತೇವೆ, ಮನಸ್ಸಲ್ಲೇ ಲೆಕ್ಕ ಹಾಕುತ್ತೇವೆ, ಮನಸ್ಸಲ್ಲೇ ಬೈದುಕೊಳ್ಳುತ್ತೇವೆ. ಹೊರಗೆ ಏನೂ ಕಾಣದಿದ್ದರೂ ಕೆಲಸ ಆಗಿರುತ್ತದೆ, ಅಲ್ವಾ? ಚಿಕ್ಕದಾಗಿಯೂ ಇದೆ. ಎಂಎಸ್ ಇರುವವರಿಗೆ ಸುಸ್ತು ಬೇಗ ಬರುತ್ತದೆ. ಉದ್ದುದ್ದ ಸೂಚನೆ ಕೊಟ್ಟು ಅವರನ್ನು ಇನ್ನಷ್ಟು ದಣಿಸಬಾರದು.

ತೊಡಕು ಎರಡು. ಕೆಲವು ಕಡೆ ಮನಸ್ಸಲ್ಲೇ ಎತ್ತಿ ಅನ್ನುವುದಿಲ್ಲ, ಬಂದಷ್ಟು ನಿಜವಾಗಿಯೇ ಎತ್ತಲು ಪ್ರಯತ್ನಿಸಿ ಅನ್ನುತ್ತಾರೆ. ಇವೆರಡೂ ಬೆರೆಯಬಾರದು. ಇನ್ನೊಂದು, ಶೀರ್ಷಿಕೆಗೆ ನಾಮಪದ ಬೇಕು. ‘ಮನಚಲನೆ’ ಅಂದರೆ ಮನಸ್ಸೇ ಚಂಚಲ ಅನ್ನಿಸುತ್ತದೆ. ‘ಒಳಚಲನೆ’ ಅಂದರೆ ಹೊಟ್ಟೆಯೊಳಗಿನದು ಅಂದುಕೊಂಡಾರು.

ಉಳಿದ ಪದಗಳ ಬಗ್ಗೆ ನನಗೆ ಗೊಂದಲವಿಲ್ಲ. 1973ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾಕ್ ವಿಡಾಲ್ ಬಳಸಿದ ಬ್ರೈನ್-ಕಂಪ್ಯೂಟರ್ ಇಂಟರ್‌ಫೇಸ್ ಎಂಬ ಹೆಸರನ್ನು ಹಾಗೇ ಇಟ್ಟಿದ್ದೇನೆ. ರಿಹ್ಯಾಬಿಲಿಟೇಶನ್ ಅನ್ನುವುದಕ್ಕೆ ‘ಪುನರ್ವಸತಿ’ ಬಿಟ್ಟಿದ್ದೇನೆ, ಅದು ನೆಲೆ ಕಳೆದುಕೊಂಡವರಿಗೆ ಹೇಳುವ ಮಾತು. ಬದಲಿಗೆ ‘ಚಲನೆಯ ಚೇತರಿಕೆ’ ಹಾಕಿದ್ದೇನೆ.

ನಿಮ್ಮಲ್ಲಿ ಫಿಸಿಯೋಥೆರಪಿ ಕೊಡುವವರು, ತೆಗೆದುಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ಈ ಅಭ್ಯಾಸ ಮಾಡಿಸುವಾಗ ಬಾಯಲ್ಲಿ ಏನು ಹೇಳುತ್ತಾರೆ? ಆ ನಾಮಪದಕ್ಕೆ ನಿಮಗೆ ಏನು ಹೊಳೆಯುತ್ತದೆ?