ಕೆಆರ್-2 ಕಾಕ್‌ಪಿಟ್ 4 ಇಂಚು ಅಗಲ ಮಾಡಬಹುದಾ?

ಆಲೆಮನೆ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರ ನಮ್ಮ ಹಳೇ ಆಲೆಮನೆ ಶೆಡ್‌ನಲ್ಲಿ ಕೆಆರ್-2 (ಇಬ್ಬರು ಅಕ್ಕಪಕ್ಕ ಕೂರುವ, ಮನೆಯಲ್ಲೇ ಕಟ್ಟಬಹುದಾದ ಮರದ ಪುಟ್ಟ ವಿಮಾನ) ಕಟ್ಟುತ್ತಿದ್ದೇನೆ. ಎರಡೂ ಪಕ್ಕದ ಚೌಕಟ್ಟು ಅಂಟಿಸಿ ಆಗಿದೆ, ಒಂದಕ್ಕೊಂದು ಇನ್ನೂ ಜೋಡಿಸಿಲ್ಲ. ಮೊನ್ನೆ ಭುಜ ಅಳೆದರೆ ನನ್ನದು 19 ಇಂಚು, ಭಾವನದು 20. ಪ್ಲಾನ್‌ನಲ್ಲಿರುವ ಅಗಲದಲ್ಲಿ ಇಬ್ಬರೂ ನೆಟ್ಟಗೆ ಕೂರೋಕೆ ಆಗಲ್ಲ. ಅಡ್ಡಪಟ್ಟಿಗಳನ್ನು 4 ಇಂಚು ಉದ್ದ ಇಟ್ಟು ಇಡೀ ಬಾಡಿ ಅಗಲ ಮಾಡಿ, ರೆಕ್ಕೆಯ ಸ್ಪಾರ್ (ರೆಕ್ಕೆಯ ಭಾರ ಹೊರುವ ಅಡ್ಡ ತೊಲೆ) ಇನ್ನೂ ಮಾಡಿಲ್ಲವಾದ್ದರಿಂದ ಅದನ್ನೂ ಅಷ್ಟೇ ಉದ್ದ ಮಾಡಿಬಿಟ್ಟರೆ ಸರಿ ಹೋಗುತ್ತಾ?

ಮರಗೆಲಸ_ಯಾದವಗಿರಿ:
ಸ್ಪಾರ್ ಮುಟ್ಟಲೇಬೇಡಿ. ರೆಕ್ಕೆ ಹೊರಕ್ಕೆ ಹೋದಷ್ಟೂ ಮಧ್ಯದ ಸ್ಪಾರನ್ನು ಬಗ್ಗಿಸುವ ಒತ್ತಡ ಜಾಸ್ತಿ. ಅದರ ಲೆಕ್ಕ ಮತ್ತೆ ಮೊದಲಿಂದ ಹಾಕಬೇಕು, ಅಂದಾಜಿನಲ್ಲಿ ಆಗುವ ಕೆಲಸ ಅಲ್ಲ. ಸ್ಪಾರ್ ಪ್ಲಾನ್‌ನಷ್ಟೇ ಇರಲಿ. ಆಗ ಬಾಡಿ ಅಗಲವಾದಷ್ಟು ಅದರ ಪಕ್ಕದ ಗಿಡ್ಡ ರೆಕ್ಕೆ ಕಡಿಮೆಯಾಗುತ್ತದೆ, ಹೊರ ರೆಕ್ಕೆಗಳು ಇದ್ದ ಜಾಗದಲ್ಲೇ ಇರುತ್ತವೆ.

ಇಡೀ ಬಾಡಿ ಅಗಲ ಮಾಡುವ ಅಗತ್ಯವೂ ಇಲ್ಲ. ಮುಂದೆ ಫೈರ್‌ವಾಲ್ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆ) ಎಂಜಿನ್ ಕೂರಿಸುವ ಮೌಂಟ್‌ಗೆ ಹೊಂದಬೇಕು, ಹಿಂದೆ ಬಾಲ ಹೇಗಿದ್ದರೂ ಕಿರಿದು. ನಿಮಗೆ ಜಾಗ ಬೇಕಾಗಿರುವುದು ಭುಜದ ಹತ್ತಿರ. ಅಲ್ಲಿ ಮಾತ್ರ ಮೇಲಿನ ಲಾಂಜರಾನ್ (ಬಾಡಿಯ ಉದ್ದಕ್ಕೂ ಹೋಗುವ ಮರದ ಪಟ್ಟಿ) ಹೊರಕ್ಕೆ ಎಳೆಯಿರಿ. ಕೆಆರ್ ಕಟ್ಟಿದವರು ತುಂಬಾ ಜನ ಹೀಗೇ ಮಾಡಿದ್ದಾರೆ.

ಒಂದು ವಿಷಯಕ್ಕೆ ಮಾತ್ರ ತುಂಬಾ ಹುಷಾರಾಗಿರಿ. ಪಕ್ಕದ ಚೌಕಟ್ಟು ಹೊರಕ್ಕೆ ವಾಲಿಸಿ ಬಾಗಿಸಿದಾಗ, ಮೇಜಿನ ಮೇಲೆ ನೇರವಾಗಿದ್ದ ಲಾಂಜರಾನ್ ಬಾಳೆಹಣ್ಣಿನ ಹಾಗೆ ಡೊಂಕಾಗುತ್ತದೆ. ವಾಲಿಸಿದಷ್ಟೂ ಡೊಂಕು ಜಾಸ್ತಿ. ಅಂಟು ಹಾಕುವ ಮೊದಲು ಕ್ಲಾಂಪ್ ಮಾತ್ರ ಹಾಕಿ, ಮೂತಿಯಿಂದ ಬಾಲದವರೆಗೆ ದಾರ ಎಳೆದು, ರಸಮಟ್ಟ ಇಟ್ಟು ನೋಡಿ. ಸೀಟಿನ ಹಿಂದೆ ತಿರುವು ಬಿಗಿಯಾಗಿರುತ್ತದೆ, ಸ್ಪ್ರೂಸ್ ಮರ ಅಲ್ಲೇ ಸೀಳುವುದು.

ಮೈಸೂರು_ಪೈಲಟ್:
ಅಣ್ಣ, ಮರ ಕೊಯ್ಯುವ ಮೊದಲು ಅಗ್ಗದ ಪ್ಲೈವುಡ್‌ನಲ್ಲಿ ಸುಮ್ನೆ ಒಂದು ಡಮ್ಮಿ ಕಾಕ್‌ಪಿಟ್ ಮಾಡಿ. ಇಬ್ಬರೂ ಬೆಲ್ಟ್ ಹಾಕಿಕೊಂಡು ಒಂದು ಗಂಟೆ ಅಲ್ಲಾಡದೆ ಕೂತು ನೋಡಿ. ಕಂಟ್ರೋಲ್ ಸ್ಟಿಕ್ ಪೂರ್ತಿ ಎಡಕ್ಕೆ, ಬಲಕ್ಕೆ ಹೋಗುತ್ತಾ, ತೊಡೆಗೆ ತಗಲುತ್ತಾ ಅಂತ ಪರೀಕ್ಷಿಸಿ. ಆರ್‌ವಿ-7 ಅನ್ನುವ ಎರಡು ಸೀಟಿನ ವಿಮಾನದ ಒಳಗೆ 43 ಇಂಚು ಅಗಲ ಇದೆ, ಇಬ್ಬರು ಆರಾಮಾಗಿ ಕೂರಬಹುದು. ಆದರೆ ನಿಮ್ಮದು ಅಷ್ಟು ಆಗಬೇಕಿಲ್ಲ. ಒಂದು ಸೀಟಿನ ಬೆನ್ನು 2-3 ಇಂಚು ಹಿಂದೆ ಇಟ್ಟರೆ ಒಬ್ಬರ ಭುಜ ಇನ್ನೊಬ್ಬರ ಭುಜದ ಹಿಂದೆ ಬರುತ್ತದೆ, ಅಗಲ ಮಾಡದೆಯೇ ಜಾಗ ಸಿಗುತ್ತದೆ.

ಹಾಗೆ ಮಾಡಿದರೆ ತೂಕದ ಲೆಕ್ಕ ಮರೆಯಬೇಡಿ. ಪೆಟ್ರೋಲ್ ಟ್ಯಾಂಕ್ ಮುಂದಿದ್ದರೆ, ಅದು ಖಾಲಿಯಾದ ಹಾಗೆ ತೂಕದ ಕೇಂದ್ರ ಹಿಂದಕ್ಕೆ ಜಾರುತ್ತದೆ. ಇಬ್ಬರೂ ಕೂತು, ಟ್ಯಾಂಕ್ ಬಹುತೇಕ ಖಾಲಿ ಅಂದುಕೊಂಡು ಲೆಕ್ಕ ಹಾಕಿ. ಕೇಂದ್ರ ಮಿತಿ ಮೀರಿ ಹಿಂದೆ ಹೋದರೆ ವಿಮಾನ ಕೈಗೆ ಸಿಗಲ್ಲ. ಭಾವ ಹಿಂದೆ ಸರಿಸಿದ ಸೀಟಿಗೆ ಅಂತ ಈಗಲೇ ತೀರ್ಮಾನ ಮಾಡಬೇಡಿ.

ಆಲೆಮನೆ_ಮಂಡ್ಯ:
ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಸ್ಪಾರ್ ಪ್ಲಾನ್‌ನಂತೆಯೇ ಮಾಡುತ್ತೇನೆ. ಭಾನುವಾರ ಡಮ್ಮಿ ಕಟ್ಟಿ, ಭುಜದ ಹತ್ತಿರ ಮೊದಲು 3 ಇಂಚು ನೋಡುತ್ತೇನೆ. ಕ್ಯಾನಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಮಾತ್ರ ರೆಡಿಮೇಡ್ ತರಿಸಬೇಕು ಅಂತಿದ್ದೆ, ಅದು ಕೂರುತ್ತಾ?

ಮರಗೆಲಸ_ಯಾದವಗಿರಿ:
ಪ್ಲಾನ್ ಅಳತೆಯದ್ದು ಕೂರಲ್ಲ. ಒತ್ತಿ ಅಗಲಿಸಿ ಕೂರಿಸಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಬಾಡಿ ಜೋಡಿಸಿ, ಅಂಟು ಒಣಗಿದ ಮೇಲೆ ಅಳತೆ ತೆಗೆದು ಆರ್ಡರ್ ಕೊಡಿ. ಡಮ್ಮಿ ಫೋಟೋ ಹಾಕಿ, ಸೀಟಿನ ಹಿಂದಿನ ತಿರುವು ನೋಡಬೇಕು.